ಪುಟ್ಟಮಾದಮ್ಮ ಹೇಳಿದ್ದರು

ಪುಟ್ಟಮಾದಮ್ಮ ಹೇಳಿದ್ದರು. ಹೇಳಲೇ ಇಲ್ಲ ಎಂದು ತುಂಬಿದ ಅಂಗಡಿಯಲ್ಲಿ ಸುಳ್ಳಾಡಿದವಳು ನಾನು. ಐದು ವರ್ಷ ಇದನ್ನು ನುಂಗಿಕೊಂಡಿದ್ದೆ, ಇವತ್ತು ಬರೆಯುತ್ತಿದ್ದೇನೆ. ಓದಿದವರು ಬೈಯಲಿ. ಆದರೆ ಪಾಪ, ಚಿಕ್ಕ ವಯಸ್ಸು, ಕೆಲಸದ ಒತ್ತಡ ಇದ್ದಿರಬೇಕು ಎಂದು ನನ್ನ ಪರ ವಹಿಸಲು ಮಾತ್ರ ಯಾರೂ ಬರಬೇಡಿ — ಆ ಕನಿಕರ ನನಗೆ ಬೇಕಿಲ್ಲ.

ಆಗ ನಾನು ಹನೂರಿನಿಂದ ದಿನಾ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋಗಿ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಸ್ಮಾರ್ಟ್ ವಾಚುಗಳ ಕೌಂಟರು ನನ್ನದು. ವಾಚು ಮಾರಿದರೆ ಸಾಲದು, ಅದರ ಜೊತೆಗೆ ಎಕ್ಸ್‌ಟ್ರಾ ವಾರಂಟಿಯನ್ನೂ ಮಾರಬೇಕು. ಕಂಪನಿ ಕೊಡುವ ಒಂದು ವರ್ಷದ ಮೇಲೆ ಇನ್ನೆರಡು ವರ್ಷ. ಅದನ್ನು ಮಾರುವುದರಲ್ಲಿ ನನ್ನನ್ನು ಮೀರಿಸುವವರು ಅಂಗಡಿಯಲ್ಲಿ ಇರಲಿಲ್ಲ. ನಾಲಿಗೆ ಅಷ್ಟು ಚುರುಕು, ಆ ಹೆಮ್ಮೆ ಬೇರೆ ಇತ್ತು.

ಪುಟ್ಟಮಾದಮ್ಮನಿಗೆ ಐವತ್ತು ದಾಟಿತ್ತು. ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸ. ಬೆಂದ ಗೂಡುಗಳು ತೇಲುವ ಬಿಸಿನೀರಿನ ತೊಟ್ಟಿಗೆ ಕೈ ಹಾಕಿ, ಕೂದಲಿಗಿಂತ ತೆಳುವಾದ ಎಳೆಯ ತುದಿ ಹುಡುಕಿ ರಾಟೆಗೆ ಕೊಡಬೇಕು, ಬೆಳಗಿನಿಂದ ಸಂಜೆಯವರೆಗೆ. ಒಂದು ದಿನ ಅಲ್ಲೇ ತಲೆಸುತ್ತಿ ಬಿದ್ದಿದ್ದರಂತೆ. ಇನ್ನು ಮನೆಯಲ್ಲೇ ಇದ್ದುಬಿಡಿ ಎಂದ ಘಟಕದ ಯಜಮಾನರನ್ನು ಕಾಡಿ ಬೇಡಿ ಒಂದು ಮಾತಿಗೆ ಒಪ್ಪಿಸಿದ್ದರು: ಎದೆಬಡಿತ ತೋರಿಸುವ ವಾಚು ಕಟ್ಟಿಕೊಂಡೇ ಕೂರುತ್ತೇನೆ, ಬಡಿತ ಏರಿದರೆ ತಕ್ಷಣ ಎದ್ದು ಹೊರಗೆ ಹೋಗುತ್ತೇನೆ. ವಾಚು ಇದ್ದರೆ ತೊಟ್ಟಿಯ ಮುಂದಿನ ಆ ಜಾಗ ಉಳಿಯುತ್ತಿತ್ತು. ಇಷ್ಟನ್ನೂ ಅವರೇ ಕೌಂಟರಿನ ಮುಂದೆ ನಿಂತು ನನಗೆ ಹೇಳಿದರು.

ಆಮೇಲೆ ಇದನ್ನೂ ಕೇಳಿದರು — "ದಿನಾ ಬಿಸ್ನೀರ್ಗ ಕೈ ಆಕೋ ಕೆಲ್ಸ ಕಣವ್ವ. ಇದ್ಕ ಏನೂ ಆಗಲ್ವಾ?"

ಕೇಳದಿದ್ದರೂ ನನಗೆ ಗೊತ್ತಾಗುತ್ತಿತ್ತು. ಪಟ್ಟಿ ಕಟ್ಟುವಾಗ ಅವರ ಕೈ ನನ್ನ ಕೈಯಲ್ಲೇ ಇತ್ತು. ಬೆರಳ ತುದಿಗಳು ನೆನೆದು ಬೆಳ್ಳಗಾಗಿ, ಚರ್ಮ ಸುಕ್ಕುಗಟ್ಟಿ — ನೋಡಿದೆ. ಬಿಸಿನೀರು, ಹಬೆ ಹೊಕ್ಕು ಕೆಟ್ಟರೆ ಕಂಪನಿಯ ವಾರಂಟಿಯೂ ಈ ಎಕ್ಸ್‌ಟ್ರಾ ವಾರಂಟಿಯೂ ನಡೆಯುವುದಿಲ್ಲ ಎಂದು ಕಾಗದದ ಹಿಂದೆ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಇತ್ತು. ಅದೂ ಗೊತ್ತಿತ್ತು.

"ಏನಾದ್ರೂ ಆದ್ರೆ ಹೊಸದೇ ಕೊಡ್ತಾರೆ ಅಮ್ಮ, ಅದಕ್ಕೇ ತಾನೇ ವಾರಂಟಿ," ಎಂದೆ. ಅವರು ಒಂದೊಂದೇ ಅಕ್ಷರ ಕೂಡಿಸಿ ಆ ಕಾಗದಕ್ಕೆ ಕನ್ನಡದಲ್ಲಿ ಸಹಿ ಮಾಡಿದರು.

ನಾಲ್ಕು ತಿಂಗಳಿಗೆ ವಾಚು ಸತ್ತಿತು. ಗಾಜಿನ ಒಳಗೆಲ್ಲ ಮಂಜು. ಅಂಗಡಿಯಿಂದ ರಿಪೇರಿಗೆ ಕಳಿಸಿದೆವು, ಹಬೆ ಹೊಕ್ಕಿದೆ, ವಾರಂಟಿ ಅನ್ವಯಿಸುವುದಿಲ್ಲ ಎಂದು ಬರೆದು ಕಂಪನಿಯವರು ವಾಪಸ್ಸು ಕಳಿಸಿದರು. ಅದನ್ನು ಕೇಳಲು ಪುಟ್ಟಮಾದಮ್ಮ ಬಂದಾಗ ಮಧ್ಯಾಹ್ನ, ಅಂಗಡಿ ತುಂಬ ಜನ, ಗಲ್ಲಾದಲ್ಲಿ ನಮ್ಮ ಮಾಲೀಕರು.

"ಅವತ್ತೇ ಏಳಿದ್ನಲ್ಲವ್ವ, ಬಿಸ್ನೀರ್ ಕೆಲ್ಸ ಅಂತ?"

ಮಾಲೀಕರು ನನ್ನ ಕಡೆ ನೋಡಿದರು. ಕೆಲಸ ಹೋಗುತ್ತದೆಂದು ಹೆದರಿದೆ ಎಂದು ಈಗ ಬರೆಯಬಹುದು. ಹೆದರಿರಲಿಲ್ಲ. ಬೈಯುತ್ತಿದ್ದರು, ಅಷ್ಟೇ. ನನಗಾದದ್ದು ಕಿರಿಕಿರಿ — ಊಟದ ಹೊತ್ತು, ಇನ್ನೂ ಮೂರು ಗಿರಾಕಿಗಳು ಕಾಯುತ್ತಿದ್ದಾರೆ, ಈಯಮ್ಮ ಒಂದು…

"ಇಲ್ಲಮ್ಮ. ನೀವು ಹೇಳಲೇ ಇಲ್ಲ."

ಅವರು ಕೂಗಾಡಿದ್ದರೆ ನಾನೂ ಕೂಗಾಡಿ ಮರೆತುಬಿಡುತ್ತಿದ್ದೆನೋ ಏನೋ. ಅವರು ನನ್ನನ್ನೇ ನೋಡುತ್ತ ನಿಂತರು. ಆಮೇಲೆ ಹಣೆ ಮುಟ್ಟಿಕೊಂಡರು. "ಏಳ್ನಿಲ್ವಾ? ಏಳಿದ್ದೆ ಅಂತ್ಲೇ ಅಂದ್ಕಂಡಿದ್ನಲ್ಲವ್ವ…" ಎಂದರು. "ವಯಸ್ಸಾಯ್ತು ಬುಡಮ್ಮ," ಎಂದರು ಯಾರೋ. ನಾಲ್ಕು ಜನ ನಕ್ಕರು. ನಾನೂ ನಕ್ಕೆ.

ಅದಾಗಿ ಎರಡು ವರ್ಷಕ್ಕೆ ಆ ಕೆಲಸ ಬಿಟ್ಟು ಹನೂರು ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೇ ಪುಟ್ಟ ಅಂಗಡಿ ಇಟ್ಟೆ. ಕಳೆದ ತಿಂಗಳು ಚಾರ್ಜರ್ ಕೊಳ್ಳಲು ಬಂದ ಒಬ್ಬಾಕೆ ಅದೇ ಘಟಕದವರು ಎಂದು ಮಾತಿನಲ್ಲಿ ತಿಳಿಯಿತು. ಸುಮ್ಮನಿರಲಾರದೆ ಪುಟ್ಟಮಾದಮ್ಮ ಹೇಗಿದ್ದಾರೆ ಎಂದು ಕೇಳಿದೆ.

"ಅವ್ರು ಆಗ್ಲೇ ಬುಟ್ಬುಟ್ರಲ್ಲ. ವಾಚ್ ಕೆಟ್ರೂ ಯಾರೂ ಬುಡುಸ್ನಿಲ್ಲ, ಅವ್ರೇ ಬುಟ್ರು. ಆ ವಾಚ್ ಅಂಗಡೀಲಿ ಏಳ್ದೇ ಇದ್ದುದ್ನ ಏಳಿದ್ದೆ ಅಂದ್ಕಂಡಿದ್ರಂತ. ನನ್ ತಲೆ ನನ್ಗೇ ನಿಲ್ದು, ಕುದ್ಯೋ ನೀರ್ ಮುಂದ ಎಂಗ್ ಕೂರ್ಲಿ ಅಂದ್ಬುಟ್ಟು ಅಗರಕ್ಕೆ ತಂಗಿ ಮನೆಗ ಓದ್ರು."

ವಾಚು ಕೆಟ್ಟಿದ್ದಕ್ಕೆ ಜಾಗ ಹೋಗಿರಲಿಲ್ಲ. ನನ್ನ ಎರಡು ಮಾತಿಗೆ ಹೋಗಿತ್ತು. ಅವರು ತಮ್ಮ ನೆನಪನ್ನೇ ನಂಬದ ಹಾಗೆ ಮಾಡಿದ್ದೆ — ಅದಕ್ಕೆ ಯಾವ ವಾರಂಟಿ?

ನಾನು ಈಗಲೂ ವಾಚು ಮಾರುತ್ತೇನೆ, ಎಕ್ಸ್‌ಟ್ರಾ ವಾರಂಟಿಯನ್ನೂ ಮಾರುತ್ತೇನೆ. ಇಷ್ಟೆಲ್ಲ ಹೇಳಿ ಇನ್ನೂ ಮಾರುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ ಎನ್ನುವವರು ನನ್ನ ಅಂಗಡಿಗೆ ಬಂದು ಒಂದು ಗಳಿಗೆ ನಿಲ್ಲಲಿ. ತೆಗೆದುಕೊಳ್ಳಬೇಕೇ, ಬೇಡವೇ ಎಂದು ಯಾರು ಕೇಳಿದರೂ ನಿಮ್ಮ ಕೈಗೆ ಏನು ಕೆಲಸ ಎಂದು ಮೊದಲು ಕೇಳುತ್ತೇನೆ. ಅರಿಶಿನ ಬೇಯಿಸುವವರಿಗೆ, ಹೋಟೆಲಿನಲ್ಲಿ ಇಡ್ಲಿ ಇಳಿಸುವವರಿಗೆ ಬೇಡ ಎನ್ನುತ್ತೇನೆ. ವಾಚು ಆಗಾಗ ಕೆಳಗೆ ಬೀಳಿಸುವವರಿದ್ದರೆ, ಒಡೆದ ಗಾಜಿಗೂ ನಡೆಯುತ್ತದೆ ಎಂದು ಕಾಗದದಲ್ಲಿದ್ದರೆ, ತೆಗೆದುಕೊಳ್ಳಿ ಎನ್ನುತ್ತೇನೆ. ಹಿಂದಿನ ಸಣ್ಣ ಅಕ್ಷರವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತೇನೆ. ಹೀಗೆ ಮಾರುವುದರಿಂದ ಹಳೆಯದು ತೊಳೆದುಹೋಗುತ್ತದೆ ಎಂದಲ್ಲ. ತೊಳೆದುಹೋಗುವುದಿಲ್ಲ.

ಅಗರಕ್ಕೆ ಹೊರಟಾಗ ನನ್ನ ಗಂಡ, "ಮುಗ್ದೋದ್ ಕತ್ಯಾ ಯಾಕ ಕೆದಕ್ತೀಯೆ?" ಎಂದರು. ಮುಗಿದಿದ್ದು ನನಗೆ, ಅವರಿಗಲ್ಲ ಎಂದು ಯಳಂದೂರಿನ ಬಸ್ಸು ಹತ್ತಿದೆ.

ಪುಟ್ಟಮಾದಮ್ಮ ಜಗುಲಿಯ ಮೇಲೆ ತಂಗಿಯ ಜೊತೆ ಅವರೆಕಾಯಿ ಸುಲಿಯುತ್ತಿದ್ದರು, ಪಕ್ಕದ ಮನೆಯ ಇಬ್ಬರೂ ಇದ್ದರು. ಒಳಗೆ ಕರೆದು ಗುಟ್ಟಾಗಿ ಹೇಳಬಹುದಿತ್ತು. ಸುಳ್ಳನ್ನು ಜನರ ಮುಂದೆ ಹೇಳಿದವಳು ನಿಜವನ್ನೂ ಅಲ್ಲೇ ಹೇಳಬೇಕು. ನಿಂತುಕೊಂಡೇ ಹೇಳಿದೆ.

"ಏಳಿದ್ನಾ?" ಎಂದರು.

"ಹೇಳಿದ್ರಿ ಅಮ್ಮ. ದಿನಾ ಬಿಸ್ನೀರ್ಗ ಕೈ ಆಕೋ ಕೆಲ್ಸ ಅಂತ, ಇದೇ ಮಾತಲ್ಲಿ."

ಅವರು ನನ್ನ ಕಡೆ ನೋಡಲಿಲ್ಲ. ತಂಗಿಯ ಕಡೆ ತಿರುಗಿದರು. "ಕೇಳ್ದಾ? ನಾ ಏಳಿದ್ದೆ ಕಣೇ. ಏಳಿದ್ದೆ." ಮಡಿಲಿನ ಅವರೆಕಾಯಿ ಕೆಳಗೆ ಚೆಲ್ಲಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ನಾನು ತಂದಿದ್ದ ಹೊಸ ವಾಚನ್ನು ಮುಟ್ಟಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಅವತ್ತು ಅಂಗಡಿ ತುಂಬ ಜನ ಇದ್ರು. ನಗಾಡುದ್ರು. ಅವ್ರ್ಗೆಲ್ಲ ಯಾರವ್ವ ಏಳಾರು?" ಎಂದರು.

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಅವರ ಆ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು, ಅದಕ್ಕೇ ಇದನ್ನು ಬರೆದೆ. ಅವತ್ತು ಮಧ್ಯಾಹ್ನ ಕೊಳ್ಳೇಗಾಲದ ಆ ಅಂಗಡಿಯಲ್ಲಿ ನಿಂತು ನಕ್ಕವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ. ಪುಟ್ಟಮಾದಮ್ಮ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ.