‘ಕಳ್ಸು’ವಿನ ಮೊದಲ ಸಾಲು

ಹೊಳೆ ಸಮುದ್ರ ಸೇರುವಲ್ಲಿ ಉಪ್ಪುನೀರು ಏರಿ ಇಳಿಯುವ ಗಜನಿ ಗದ್ದೆಗಳನ್ನು ಹಲಗೆಯ ಬಾಗಿಲು ಹಾಕಿ ಕಾಯುವ ವಿದ್ಯೆ ನಮ್ಮ ಕರಾವಳಿಯಲ್ಲಿ ಅಜ್ಜಂದಿರ ಕಾಲದ್ದು. ಆದರೆ ಆ ಬಾಗಿಲು ಕಾಯುವವರಿಗೆ ಯಂತ್ರದ ಕೈಯಿಂದ ಕೂಗು ಹಾಕಿಸಿ, ಸಮುದ್ರದ ಉಬ್ಬರ, ಅಂದರೆ ಭರತ, ಬರುವ ಮೊದಲೇ ಎಚ್ಚರಿಸುವ ವಿದ್ಯೆ ಇತ್ತೀಚಿನದು. ಅದನ್ನು ಕಟ್ಟಿ, ಬೆಳೆಸಿ, ಇಪ್ಪತ್ತೈದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದವರು ನಮ್ಮ ಗಜನಿ ರೈತರ ಸಹಕಾರ ಸಂಘದ ಗಣಕ ವಿಭಾಗದ ಮುಖ್ಯಸ್ಥರಾದ ಶ್ರೀ ಹರಿಶ್ಚಂದ್ರ ನಾಯಕರು. ಈ ವಾಕ್ಯವನ್ನು ಅವರಿಗೆ ಮೊದಲೇ ತೋರಿಸಿದ್ದರೆ ಅರ್ಧ ಹೊಡೆದು ಹಾಕುತ್ತಿದ್ದರು. ಅದಕ್ಕೇ ತೋರಿಸಲಿಲ್ಲ.

ಶೆಟಗೇರಿಯ ಕೃಷಿಕ ಮನೆತನದಲ್ಲಿ ಹುಟ್ಟಿದ ನಾಯಕರು ಸಂಘದ ಕಾರವಾರ ಕಚೇರಿಗೆ ಬೆರಳಚ್ಚುಗಾರರಾಗಿ ಸೇರಿದಾಗ ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಬಂದಾಗ ಅದನ್ನು ಮುಟ್ಟುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ಹೊಳೆಯಲ್ಲಿ ನೆಟ್ಟ ಮಾಪಕಗಳಿಂದ ನೀರಿನ ಮಟ್ಟ ಓದಿ, ಬಾಗಿಲುಗಳ ಬಳಿಯ ಕಂಬಗಳಲ್ಲಿ ಸೈರನ್ ಮೊಳಗಿಸುವ ಪ್ರೋಗ್ರಾಂಗಳನ್ನು ಅವರು ಒಬ್ಬರೇ ಬರೆದರು. ಅವನ್ನು ದಿನವೂ ನಡೆಸಬೇಕಾದವರು ಏಳನೆಯ ಇಯತ್ತೆ ಓದಿದ ಸಹಾಯಕಿ ಗಂಗೂ ಅವರು. ಇಂಗ್ಲಿಷ್ ಆಜ್ಞೆಗಳು ಗಂಗೂಬಾಯಿಗೆ ಓದಲು ಬರುತ್ತಿರಲಿಲ್ಲ. ನಾಯಕರು ಬೈಯಲಿಲ್ಲ, ಬೇರೆಯವರನ್ನೂ ಕೇಳಲಿಲ್ಲ, ಆಜ್ಞೆಗಳನ್ನೇ ಬದಲಿಸಿದರು. ಮಟ್ಟ ಓದುವುದಕ್ಕೆ ‘ಅಳೆ’, ಒಂದು ಸೈರನ್ ಮೊಳಗಿಸುವುದಕ್ಕೆ ‘ಕೂಗು’, ಇವೆರಡನ್ನೂ ಕರೆದು ಎಲ್ಲ ಬಾಗಿಲುಗಳಿಗೂ ಒಟ್ಟಿಗೆ ಎಚ್ಚರಿಕೆ ಕೊಡುವುದಕ್ಕೆ ‘ಕಳ್ಸು’. ಬೇಕಾದ ಅಕ್ಷರಗಳ ಕೀಲಿಗಳ ಮೇಲೆ ಕನ್ನಡ ಬರೆದ ಚೀಟಿಗಳನ್ನು ಅನ್ನದ ಅಗುಳಿನಿಂದ ತಾವೇ ಅಂಟಿಸಿದರು. ‘ಕಳುಹಿಸು’ ಎಂದು ಶುದ್ಧವಾಗಿ ಇರಬೇಕಿತ್ತಲ್ಲವೇ ಎಂದು ಆಡಳಿತ ಮಂಡಳಿಯ ಸದಸ್ಯರೊಬ್ಬರು ಆಕ್ಷೇಪಿಸಿದಾಗ, “ಗಂಗೂ ಹಾಂಗೇ ಹೇಳೂದು” ಎಂದಷ್ಟೇ ಉತ್ತರ ಬಂತು. ಆ ಹೆಸರೇ ಉಳಿಯಿತು.

ಇಷ್ಟನ್ನು ಎಲ್ಲರೂ ಬಲ್ಲರು. ಈ ಲೇಖನ ಹೇಳಹೊರಟಿರುವುದು ಎಲ್ಲರಿಗೂ ಗೊತ್ತಿಲ್ಲದ ಒಂದು ಮಧ್ಯಾಹ್ನವನ್ನು.

ಪ್ರೇಕ್ಷಾ ಎಂಬ ಅಂಕೋಲೆಯ ಹುಡುಗಿ ನಾಯಕರ ಕೈಕೆಳಗೆ ಎಂಜಿನಿಯರಾಗಿ ಸೇರಿ ಆಗ ಹನ್ನೊಂದು ತಿಂಗಳಾಗಿತ್ತು. ನೌಕರಿ ಕಾಯಂ ಆಗಲು ಒಂದೇ ತಿಂಗಳು ಬಾಕಿ. ಕಳೆದ ವರ್ಷದ ಜುಲೈ ಮೊದಲ ವಾರದಲ್ಲಿ ಹಳೆಯ ಸರ್ವರ್ ಸಿಡಿಲಿಗೆ ಸುಟ್ಟುಹೋಯಿತು. ಉಳಿಸಿಟ್ಟ ಪ್ರತಿಯಿಂದ ಪ್ರೋಗ್ರಾಂಗಳನ್ನು ತೆಗೆದು ಹೊಸ ಯಂತ್ರದಲ್ಲಿ ಕಂಟೇನರ್ ಮಾಡಿ ಕೂರಿಸುವ ಕೆಲಸವನ್ನು ನಾಯಕರು ಪ್ರೇಕ್ಷಾಳಿಗೆ ನಂಬಿ ಒಪ್ಪಿಸಿದರು. ಕಂಟೇನರ್ ಎಂದರೆ ಒಂದು ರೀತಿಯ ಬುತ್ತಿ; ಪ್ರೋಗ್ರಾಂಗೆ ಬೇಕಾದದ್ದನ್ನೆಲ್ಲ ಅದರೊಳಗೇ ಕಟ್ಟಿಡಬೇಕು, ಮರೆತದ್ದು ಹೊರಗೆ ಎಷ್ಟಿದ್ದರೂ ಒಳಗಿನವರಿಗೆ ಸಿಗದು. ಹಗುರಾಗಿರಲಿ, ಬೇಗ ಏಳಲಿ ಎಂದು ಪ್ರೇಕ್ಷಾ ಇದ್ದುದರಲ್ಲೇ ಅತಿ ಚಿಕ್ಕದನ್ನು ಆರಿಸಿದಳು. ಪ್ರತಿಯೊಂದು ಪ್ರೋಗ್ರಾಂ ಅನ್ನೂ ಓಡಿಸಿ ನೋಡಿದಳು; ಸೈರನ್ನುಗಳೆಲ್ಲ ಮೊಳಗಬಾರದೆಂದು ‘ಕಳ್ಸು’ವನ್ನು ಮಾತ್ರ ಉಳಿದೆರಡನ್ನು ಕರೆಯದಂತೆ ತಡೆದು ಓಡಿಸಿದಳು. ಎಲ್ಲವೂ ಓಡಿದವು. ಎರಡು ದಿನ ಸೈರನ್ನಿನ ಅಗತ್ಯವೇ ಬೀಳಲಿಲ್ಲ.

ಮೂರನೆಯ ದಿನ ಬೆಳಗಿನಿಂದ ಹುಚ್ಚು ಮಳೆ. ಗದ್ದೆಯಲ್ಲಿ ನಿಂತ ಮಳೆನೀರು ಹೊರಹೋಗಲೆಂದು ನಲವತ್ಮೂರು ಬಾಗಿಲುಗಳನ್ನೂ ಪೂರ್ತಿ ತೆರೆದಿದ್ದರು. ಭರತದ ಲೆಕ್ಕ ಸಂಜೆ ನಾಲ್ಕೂವರೆಯದು. ಅಷ್ಟರೊಳಗೆ ಹಲಗೆ ಇಳಿಸಿದರೆ ಸಾಕು ಎಂದು ಬಾಗಿಲಿನವರು ನಿಶ್ಚಿಂತೆಯಿಂದಿದ್ದರು. ಎರಡೂ ಇಪ್ಪತ್ತಕ್ಕೆ, ಹೊಳೆ ಸಮುದ್ರ ಸೇರುವ ಅಳಿವೆಯ ಮಾಪಕ ಕಚೇರಿಯ ಗೋಡೆಯ ಫಲಕದಲ್ಲಿ ಬೇರೆಯದೇ ಮಾತು ಹೇಳಿತು. ಪಡುವಣ ಗಾಳಿ ಸಮುದ್ರವನ್ನು ಒಳಗೆ ನೂಕುತ್ತಿತ್ತು, ಮೇಲಿನಿಂದ ಹೊಳೆ ದಬ್ಬುತ್ತಿತ್ತು. ಉಪ್ಪುನೀರು ಮೂರೂಕಾಲಿಗೇ ಬಾಗಿಲು ಮುಟ್ಟಲಿತ್ತು. ಒಳಗಿದ್ದದ್ದು ಮೊಳೆತು ಹತ್ತು ದಿನವೂ ಆಗದ ಭತ್ತದ ಸಸಿ. ಅಷ್ಟೂ ಮನೆಗಳಿಗೆ ವರ್ಷಕ್ಕೆ ಅದೊಂದೇ ಬೆಳೆ.

ಗಂಗೂ ಎಂದಿನಂತೆ ಕೀಲಿ ಒತ್ತಿದರು. ಮತ್ತೊಮ್ಮೆ ಒತ್ತಿ, “ಬಾಯ, ಇಲ್ಲಿ ಬಾ ಒಮ್ಮೆ” ಎಂದು ಪ್ರೇಕ್ಷಾಳನ್ನು ಕರೆದರು. “ಕಳ್ಸು ಇಲ್ಲ ಹೇಳ್ತದೆ ಇದು.”

ಪರದೆಯ ಮೇಲೆ ‘ಕಳ್ಸು: ನಾಟ್ ಫೌಂಡ್’ ಎಂಬ ಸಾಲು. ಪ್ರೇಕ್ಷಾ ಕಂಟೇನರಿನ ಒಳಹೊಕ್ಕು ಫೈಲುಗಳ ಪಟ್ಟಿ ತೆಗೆದಳು. ‘ಕಳ್ಸು’ ಅಲ್ಲೇ ಇತ್ತು, ಹೆಸರು ಸರಿಯಿತ್ತು, ಓಡಿಸುವ ಅನುಮತಿಯೂ ಇತ್ತು. ಮತ್ತೆ ಕರೆದಳು. ಇಲ್ಲ. ಪೂರ್ತಿ ವಿಳಾಸ ಕೊಟ್ಟು ಕರೆದಳು. ಆಗಲೂ ಇಲ್ಲ. ಕಣ್ಣೆದುರಿಗೆ ಕೂತಿರುವವನನ್ನು ಮನೆಯಲ್ಲಿಲ್ಲ ಎಂದರೆ ಏನು ಮಾಡುವುದು? ಅಷ್ಟರಲ್ಲಿ ಗಂಗೂ ಟೆಲಿಫೋನ್ ಹಿಡಿದು ಬಾಗಿಲಿನವರಿಗೆ ಒಬ್ಬೊಬ್ಬರಿಗೇ ಕರೆ ಮಾಡತೊಡಗಿದ್ದರು. ಮಳೆಗೆ ಗದ್ದೆಗಿಳಿದವರು ಫೋನ್ ಒಯ್ಯುವುದಿಲ್ಲ. ಅವು ಮನೆಯ ಗೂಡುಗಳಲ್ಲಿ ಬಡಿದುಕೊಂಡು ಸುಮ್ಮನಾದವು. ಹತ್ತು ನಿಮಿಷದಲ್ಲಿ ಸಿಕ್ಕವರು ನಾಲ್ಕು ಮಂದಿ.

ನಾಯಕರು ಆ ದಿನ ಅಂಕೋಲೆಯಲ್ಲಿ ಕೆಟ್ಟ ಸೈರನ್ ಕಂಬವೊಂದನ್ನು ನೋಡಿ ಕಾರವಾರಕ್ಕೆ ಮರಳುತ್ತಿದ್ದರು. ಬಾಳೆಗುಳಿಯ ಹತ್ತಿರ ಹೆದ್ದಾರಿಗೆ ಮರ ಅಡ್ಡ ಬಿದ್ದು ಬಸ್ಸು ನಿಂತಿತ್ತು. ಅದೇ ಮರ ಇಂಟರ್ನೆಟ್ ಕೇಬಲನ್ನೂ ಹರಿದಿತ್ತು. ಸೈರನ್ನುಗಳಿಗೆ ಸಂಘದ್ದೇ ರೇಡಿಯೋ ಸಂಪರ್ಕ ಇದ್ದುದರಿಂದ ಅದಕ್ಕೆ ತೊಂದರೆಯಿರಲಿಲ್ಲ. ಆದರೆ ಕಚೇರಿಯ ಯಂತ್ರ ಹೊರಗಿನಿಂದ ಏನನ್ನೂ ತರಿಸಿಕೊಳ್ಳುವಂತಿರಲಿಲ್ಲ. ಪ್ರೇಕ್ಷಾ ಫೋನ್ ಮಾಡಿದಾಗ ಮೊದಲ ಗಂಟೆಗೇ ಎತ್ತಿದರು.

“ಸರ್, ಕಳ್ಸು ಇಲ್ಲ ಅಂತದೆ. ಆದ್ರೆ ಅದೆ ಸರ್! ನಾ ನೋಡ್ತಾ ಇದ್ದೆ!”

“ಅಳ್ಬೇಡ ತಂಗಿ. ನಂಗೆ ಪರದೆ ಕಾಣೂದಿಲ್ಲ, ನಿನ್ನ ಕಣ್ಣೇ ನನ್ನ ಕಣ್ಣು. ಏನ್ ಬರದದೋ ಅದ್ನೇ ಓದು, ನಿನ್ನ ಮಾತು ಸೇರಿಸ್ಬೇಡ.”

ಅವಳು ಓದಿದಳು. ಆ ಕಡೆ ಮಳೆಯ ಸದ್ದು, ಯಾರೋ ಕಂಡಕ್ಟರನ ಮೇಲೆ ರೇಗುವ ಸದ್ದು.

“ನಾಟ್ ಫೌಂಡ್ ಅಂತ ಹೇಳ್ತು, ಸರಿ. ಯಾರು ಸಿಕ್ಕಲಿಲ್ಲ ಅಂತ ಹೇಳ್ತಾ ಅದು? ಕಳ್ಸುವಿನ ಮೊದಲ್ನೇ ಸಾಲು ಓದು.”

ಪ್ರೇಕ್ಷಾ ಫೈಲು ತೆರೆದಳು. ಇಂಥ ಪ್ರೋಗ್ರಾಂಗಳ ಮೊದಲ ಸಾಲಿನಲ್ಲಿ, ತನ್ನನ್ನು ಓದಿ ನಡೆಸಬೇಕಾದ ಶೆಲ್ ಯಾವುದೆಂದು ಬರೆದಿರುತ್ತದೆ. ಅಲ್ಲಿ ‘ಬ್ಯಾಷ್’ ಎಂದಿತ್ತು. ಅವಳು ಕಟ್ಟಿದ ಬುತ್ತಿಯಲ್ಲಿ ಬ್ಯಾಷ್ ಇರಲಿಲ್ಲ. ‘ಎಸ್‌ಎಚ್’ ಎಂಬ ಪುಟ್ಟ ಹಳೆಯ ಶೆಲ್ ಮಾತ್ರ ಇತ್ತು. ಯಂತ್ರ ಹುಡುಕಿ ಸೋತದ್ದು ‘ಕಳ್ಸು’ವನ್ನಲ್ಲ, ಅದನ್ನು ಓದಬೇಕಾದವನನ್ನು; ದೂರಿನಲ್ಲಿ ಮಾತ್ರ ‘ಕಳ್ಸು’ವಿನ ಹೆಸರು ಹೇಳಿತ್ತು. ಹಾಗಾದರೆ ಪರೀಕ್ಷೆಯಲ್ಲಿ ಓಡಿದ್ದು ಹೇಗೆ? ಆ ಕ್ಷಣದಲ್ಲೇ ಅವಳಿಗೆ ಹೊಳೆಯಿತು. ತಾನು ಪ್ರತಿ ಸಲವೂ ಮುಂದೆ ಎಸ್‌ಎಚ್ ಸೇರಿಸಿ ಓಡಿಸಿದ್ದಳು. ಹಾಗೆ ಮಾಡಿದರೆ ಶೆಲ್ ಮೊದಲ ಸಾಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗಂಗೂ ಬರಿಯ ‘ಕಳ್ಸು’ ಎಂದು ಒತ್ತುತ್ತಾರೆ, ಇಪ್ಪತ್ತೈದು ವರ್ಷದಿಂದ. ಅವರು ಒತ್ತುವ ಹಾಗೆ ಒಮ್ಮೆಯೂ ಒತ್ತಿ ನೋಡಿರಲಿಲ್ಲ.

ಗಡಿಯಾರ ಎರಡೂ ನಲವತ್ತೆಂಟು ತೋರಿಸುತ್ತಿತ್ತು. ಅವಳು ಎಸ್‌ಎಚ್ ಮುಂದಿಟ್ಟು ‘ಕಳ್ಸು’ವನ್ನು ಕರೆದಳು. ಅದು ಎದ್ದಿತು, ಮತ್ತು ಎದ್ದ ಕೂಡಲೇ ‘ಅಳೆ: ನಾಟ್ ಫೌಂಡ್’ ಎಂದು ಕುಸಿಯಿತು. ‘ಕಳ್ಸು’ ಒಳಗಿನಿಂದ ಕರೆಯುವ ‘ಅಳೆ’, ‘ಕೂಗು’ ಎರಡರ ತಲೆಯ ಮೇಲೂ ಅದೇ ಬ್ಯಾಷ್ ಇತ್ತು.

“ಬ್ಯಾಷ್ ಹಾಕೂಕೆ ನೆಟ್ ಇಲ್ಲ ಸರ್. ತಿದ್ದೂಕೆ ಎಡಿಟರೂ ಹಾಕ್ಲಿಲ್ಲ ನಾನು. ಎಂತ ಮಾಡ್ಲಿ?”

“ಎಡಿಟರ್ ಇಲ್ದೇ ಸಾಲು ತಿದ್ತದಲ್ಲ, ಆ ಸೆಡ್ ಅದ್ಯಾ ನೋಡು.”

“ಅದೆ.”

“ಹಾಂಗಾರೆ ಮೂರೂ ಫೈಲಿನ ಮೊದಲ್ನೇ ಸಾಲಲ್ಲಿ ಬ್ಯಾಷ್ ತೆಗ್ದು ಎಸ್‌ಎಚ್ ಮಾಡು. ಮೊದಲ್ನೇ ಸಾಲು ಮಾತ್ರ.”

“ಒಳಗಿನ ಸಾಲೆಲ್ಲ ಬ್ಯಾಷಿಗೇ ಬರ್ದದ್ದಾದ್ರೆ? ಅರ್ಧ ಬಾಗಿಲಿಗೆ ಹೋಗಿ ನಿಂತ್ರೆ?”

ನಾಯಕರು ದನಿ ತಗ್ಗಿಸಿದರು.

“ಒಳಗಿದ್ದದ್ದೆಲ್ಲ ಎಸ್‌ಎಚ್ಚಿಗೇ ಬರದದ್ದು ತಂಗಿ. ಆಗ ಬೇರೆ ಶೆಲ್ಲೇ ಇರ್ಲಿಲ್ಲ ನಮ್ಮಲ್ಲಿ. ಮುಂದೆ ಎಲ್ಲರೂ ಹಾಕ್ತಾರೆ ಅಂತ ನಾನೂ ಮೇಲೊಂದು ಬ್ಯಾಷ್ ಬರ್ದೆ. ಕೆಲ್ಸ ಇತ್ತಾ, ಇರ್ಲಿಲ್ಲ. ಸುಮ್ನೆ ಶೋಕಿ. ನೀ ತಿದ್ದು. ಮತ್ತೆ ಕಂಟೇನರ್ ಬಂದ್ ಮಾಡಿ ಹೊಸ್ತು ತೆಗೀಬೇಡ, ತಿದ್ದಿದ್ದು ಹೋಗ್ತದೆ.”

ಅವಳ ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲ ಮೂರೂ ಫೈಲುಗಳ ತಲೆ ತಿದ್ದಿಕೊಂಡವು. ಎದ್ದು, ಕುರ್ಚಿಯನ್ನು ಗಂಗೂಬಾಯಿಗೇ ಬಿಟ್ಟುಕೊಟ್ಟಳು. “ನೀವೇ ಒತ್ತಿ. ನೀವು ಯಾವಾಗಲೂ ಒತ್ತೋ ಹಾಂಗೇ.”

ಗಂಗೂ ಒತ್ತಿದರು. ಪರದೆಯ ಮೇಲೆ ಬಾಗಿಲುಗಳ ಹೆಸರು ಒಂದೊಂದಾಗಿ ಇಳಿಯತೊಡಗಿದವು. ನಾಯಕರು ಬಾಗಿಲುಗಳಿಗೆ ಎಂದೂ ಸಂಖ್ಯೆ ಕೊಟ್ಟವರಲ್ಲ, ಕಾಯುವವರ ಹೆಸರನ್ನೇ ಕೊಟ್ಟವರು. ಮಾಸ್ತಿ, ಬೀರು, ದೇವಿ, ಬೊಮ್ಮ. ಮೂರು ಗಂಟೆ ಎರಡು ನಿಮಿಷಕ್ಕೆ ನಲವತ್ಮೂರನೆಯ ಹೆಸರು ಬಿತ್ತು. ಫೋನಿನ ಆ ಕಡೆ, ದೂರದ ಗದ್ದೆಬಯಲಿನಿಂದ ಸೈರನ್ ಕೇಳಿಸುತ್ತಿದೆಯೆಂದು ನಾಯಕರು ಬಸ್ಸಿನಿಂದಿಳಿದು ಮಳೆಯಲ್ಲೇ ನಿಂತು ಹೇಳಿದರು. ಪ್ರೇಕ್ಷಾ ಆಗ ಅತ್ತಳು.

ನಲವತ್ತೆರಡು ಬಾಗಿಲು ಹೊತ್ತಿಗೆ ಸರಿಯಾಗಿ ಬಿದ್ದವು. ಬೊಮ್ಮ ಕಾಯುವುದು ಎರಡು ಕಂಡಿಗಳಿರುವ ದೊಡ್ಡ ಬಾಗಿಲು. ಊರವರ ಗದ್ದೆಯ ಕಡೆಯದನ್ನು ಮುಚ್ಚಿ ತನ್ನ ಗದ್ದೆಯ ಕಡೆ ಓಡುವಷ್ಟರಲ್ಲಿ ನೀರು ನುಗ್ಗಿತ್ತು. ಸಂಜೆ ಅವನೇ ಕಚೇರಿಗೆ ಫೋನ್ ಮಾಡಿ, “ಇನ್ನೊಂದ್ ಇಪ್ಪತ್ ನಿಮ್ಸ ಮುಂಚೆ ಕೂಗ್ಸಿದ್ರೆ ಆಗ್ತಿತ್ತಲ್ರಾ” ಎಂದ. ಬೈಗುಳವಿರಲಿಲ್ಲ ಆ ಮಾತಿನಲ್ಲಿ. ಬೈದಿದ್ದರೆ ಪ್ರೇಕ್ಷಾಳಿಗೆ ಹಗುರವಾಗುತ್ತಿತ್ತು. ಅವನ ಹೆಂಡತಿ ನೆರೆಯವರಲ್ಲಿ ಉಳಿದ ಸಸಿ ಕೇಳಿ ತಂದು ಮತ್ತೆ ನೆಟ್ಟಳು. ಅರ್ಧ ಬೆಳೆ ಬಂತು.

ನಲವತ್ತು ನಿಮಿಷದ ವಿಳಂಬಕ್ಕೆ ಯಾರು ಹೊಣೆ ಎಂದು ಆಡಳಿತ ಮಂಡಳಿ ವಿಚಾರಣೆಗೆ ಕೂತಿತು. ಅದೇ ಸಭೆಯ ವಿಷಯ ಪಟ್ಟಿಯಲ್ಲಿ ಮತ್ತೆರಡು ವಿಷಯಗಳಿದ್ದವು: ಪ್ರೇಕ್ಷಾಳ ನೌಕರಿ ಕಾಯಂ ಮಾಡುವುದು ಒಂದು, ನಾಯಕರಿಗೆ ನಿವೃತ್ತಿಯ ನಂತರ ಎರಡು ವರ್ಷ ಸೇವಾ ವಿಸ್ತರಣೆ ಕೊಡುವುದು ಇನ್ನೊಂದು. ಪ್ರೇಕ್ಷಾ ತನ್ನ ತಪ್ಪೊಪ್ಪಿಗೆಯನ್ನು ಬರೆದುಕೊಂಡು ಹೋಗಿದ್ದಳು. ಏಳಬೇಕೆನ್ನುವಷ್ಟರಲ್ಲಿ ನಾಯಕರು ಎದ್ದುನಿಂತು, “ಬೇಡದ ಬ್ಯಾಷನ್ನು ಮೊದಲ ಸಾಲಿನಲ್ಲಿ ಬರೆದವನು ನಾನು. ತಪ್ಪು ನನ್ನದು” ಎಂದರು. ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಪ್ರೇಕ್ಷಾ ಅವರ ಮುಖ ನೋಡಿದಳು. ಅವರು ಮೇಜಿನ ಮೇಲೆ ಅಂಗೈ ಊರಿ, ಕೂತುಕೋ ಎಂಬಂತೆ ಎರಡು ಸಲ ಮೆಲ್ಲಗೆ ತಟ್ಟಿದರು. ಅವಳು ಕೂತಳು. ನೌಕರಿ ಕಾಯಂ ಆಯಿತು. ವಿಸ್ತರಣೆಯ ವಿಷಯವನ್ನು ಚರ್ಚೆಯಿಲ್ಲದೆ ಕೈಬಿಡಲಾಯಿತು.

ಹೀಗಾಗಿ ಓದುಗರ ಕೈಯಲ್ಲಿರುವ ಈ ನಿವೃತ್ತಿ ಅಭಿನಂದನ ಸಂಪುಟ ಎರಡು ವರ್ಷ ಮೊದಲೇ ಬಂದಿದೆ. ಬೇರೆ ಲೇಖನಗಳಲ್ಲಿ ಇದಕ್ಕೆ ಕಾರಣ ಹೇಳಿಲ್ಲ, ಏಕೆಂದರೆ ಬರೆದವರಿಗೆ ಗೊತ್ತಿರಲಿಲ್ಲ. ಸಂಪಾದಕ ಮಂಡಳಿಯ ಮುಂದೆ ಬಂದು ಇದನ್ನೆಲ್ಲ ಹೇಳಿ, ಅಚ್ಚಾಗಲೇಬೇಕೆಂದು ಹಟ ಹಿಡಿದವಳು ಪ್ರೇಕ್ಷಾಳೇ. ನಾಯಕರಿಗೆ ಸಿಟ್ಟು ಬರಬಹುದು ಎಂದು ಎಚ್ಚರಿಸಿದೆವು. ಬರಲಿ ಎಂದಳು.

‘ಕಳ್ಸು’ ಈಗಲೂ ಗಂಗೂಬಾಯಿಯ ಉಚ್ಚಾರದಲ್ಲೇ ನಡೆಯುತ್ತಿದೆ. ಅದರ ಮೊದಲ ಸಾಲಿನಲ್ಲಿ ಎಸ್‌ಎಚ್ ಇದೆ. ಎರಡನೆಯ ಸಾಲು ಹೊಸದು, ಯಂತ್ರ ಓದದೆ ದಾಟಿಹೋಗುವಂಥದು: ‘ಬರೆದವರು ಹರಿಶ್ಚಂದ್ರ ನಾಯಕರು. ನೋಡದೆ ಬುತ್ತಿ ಕಟ್ಟಿದವಳು ಪ್ರೇಕ್ಷಾ.’

ಮಾನ್ಯ ನಾಯಕರು ನೂರು ಮಳೆಗಾಲ ಕಾಣಲಿ, ಶೆಟಗೇರಿಯ ಮನೆಯಲ್ಲಿ ಆರೋಗ್ಯದಿಂದ ಇರಲಿ, ಗಜನಿಯ ಬಾಗಿಲುಗಳ ಕಡೆ ಆಗಾಗ ಒಂದು ಸುತ್ತು ಬರಲಿ ಎಂದು ಸಂಘದ ಸಮಸ್ತರ ಪರವಾಗಿ ಹಾರೈಸುತ್ತೇವೆ. ಪ್ರೇಕ್ಷಾಳ ಹಾರೈಕೆ ಇನ್ನೂ ಚಿಕ್ಕದು. ಇದನ್ನು ಓದಿ ಎಷ್ಟೇ ಸಿಟ್ಟಾದರೂ, ತಾನು ಕರೆದಾಗ ಅವರು ಮೊದಲ ಗಂಟೆಗೇ ಫೋನ್ ಎತ್ತಲಿ.