ಚಹಾ ಮೊದಲೋ, ಮಾತು ಮೊದಲೋ

ಕರೆಂಟು ಹೋಗಬಹುದಿತ್ತು. ಮೈಕು ಕಿರುಚಬಹುದಿತ್ತು. ಸುರಪುರದ ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಕೆಡದೆ ಎಲ್ಲರೂ ಬಂದುಬಿಡಬಹುದಿತ್ತು, ಅದು ಇನ್ನೂ ಅಪಾಯ. ‘ಎಲ್ಲಿಯೋ ಇದ್ದ ಯೆಹೂದಿ ಪಂಡಿತರಿಂದ ಶಹಾಪುರದವರಿಗೆ ಆಗಬೇಕಾದ್ದೇನು?’ ಎಂದು ನನ್ನ ಉಪನ್ಯಾಸದ ನಡುವೆ ಯಾರಾದರೂ ಕೇಳಬಹುದಿತ್ತು. ಭೀಮರಾಯನಗುಡಿಯ ಕಚೇರಿಯಲ್ಲಿ ನಾನು ಗುಮಾಸ್ತ ಎನ್ನುವುದು ಹೆಸರಿಗೆ; ಚಿಂತೆ ಮಾಡುವುದೇ ನನ್ನ ಕಾಯಂ ನೌಕರಿ.

ಈ ಸಲ ಚಿಂತೆಗೆ ಕಾರಣವೂ ಇತ್ತು. ಶಹಾಪುರದಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಓದುಗರ ಕೂಟ ಒಡೆಯುವುದರಲ್ಲಿತ್ತು. ಕಾರಣ ಚಹಾ. ಉಪನ್ಯಾಸ ಮುಗಿದ ಮೇಲೇ ಚಹಾ ಎಂದು ನಿವೃತ್ತ ಹೆಡ್‌ಮಾಸ್ತರು ಶರಣಪ್ಪನವರು. ಬಂದ ಕೂಡಲೇ ಮಂಡಕ್ಕಿಯ ಸೂಸಲಾ, ಮಿರ್ಚಿ, ಚಹಾ; ಜ್ಞಾನ ಆಮೇಲೆ ಎಂದು ಸುರಪುರದ ಟೇಲರ್ ಖಾಜಾ ಸಾಹೇಬರು. ಹಳೆಯ ಗೆಳೆಯರು ಮಾತು ಬಿಟ್ಟಿದ್ದರು. ಇವತ್ತು ಬಗೆಹರಿಯದಿದ್ದರೆ ಸುರಪುರದವರು ಬೇರೆ ಕೂಟ ಕಟ್ಟುವವರಿದ್ದರು.

ಚಹಾದ ಕೆಟಲು ಬಂದು ಮೇಜಿನ ಮೇಲೆ ಕುಳಿತಿತ್ತು. ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಶುರು ಮಾಡಿದೆ. ಜೆರುಸಲೇಮಿನ ದೇವಾಲಯ ಉರಿದು, ಬಲಿಪೀಠ ಹೋದಾಗ ಯೆಹೂದಿ ಧರ್ಮವನ್ನು ಎತ್ತಿ ಹಿಡಿದವರು ಪಾಠ ಹೇಳುವ ಗುರುಗಳು. ಗುಡಿಯಿದ್ದ ಜಾಗದಲ್ಲಿ ಅವರು ಓದನ್ನು ಕೂರಿಸಿದರು. ಬಾಯಿಂದ ಬಾಯಿಗೆ ದಾಟಿದ ಅವರ ಮಾತೇ ಮುಂದೆ ಆ ಜನರ ಬಾಳಿನ ಕಟ್ಟಳೆಯಾಯಿತು. ಹಾಗೆಂದು ಅವರಲ್ಲಿ ಒಮ್ಮತವಿತ್ತೇ? ಶಿವಾ! ಹಿಲ್ಲೆಲ್ ಗುರುವಿನದೊಂದು ಬಣ, ಶಮ್ಮಾಯ್ ಗುರುವಿನದೊಂದು ಬಣ. ಊಟದಲ್ಲಿ ಕೈ ತೊಳೆಯುವುದು ಮೊದಲೋ, ದ್ರಾಕ್ಷಾರಸಕ್ಕೆ ನೀರು ಬೆರೆಸುವುದು ಮೊದಲೋ ಎಂಬುದಕ್ಕೂ ತಕರಾರು! ಕೊನೆಗೆ ಹೆಚ್ಚಾಗಿ ನಿಂತದ್ದು ಹಿಲ್ಲೆಲ್ ಬಣದ ಮಾತು. ಏಕೆಂದರೆ ಅವರು ಎದುರಾಳಿಯ ಮಾತನ್ನು ಮೊದಲು ಹೇಳಿ, ಆಮೇಲೆ ತಮ್ಮದನ್ನು ಹೇಳುವ ಸೌಮ್ಯರು. ಸೋತವರ ಮಾತನ್ನೂ ಆ ಪರಂಪರೆ ಅಳಿಸಲಿಲ್ಲ, ಕಾಪಿಟ್ಟುಕೊಂಡಿತು.

ಅಂಗನವಾಡಿಯ ಈರಮ್ಮ ಎದ್ದು ನಿಂತರು. “ಹಂಗಾರ ಈಗ ಮಾಡಿ ತೋರಸ್ರಿ. ಮಾಸ್ತರ್ರೇ, ಸಾಹೇಬ್ರ ಮಾತು ನೀವು ಹೇಳ್ರಿ. ಸಾಹೇಬ್ರೇ, ಮಾಸ್ತರ್ರದು ನೀವು.”

ಮಾಸ್ತರರು ಗಂಟಲು ಸರಿಮಾಡಿಕೊಂಡರು. “ಮಂದಿ ಸುರಪುರದಿಂದ ಬಸ್ಸಿನಾಗ ನಿಂತು ಬಂದಿರ್ತಾರ. ಹೊಟ್ಟಿ ಚುರುಚುರು ಅಂತಿದ್ರ ಕಿವಿ ಏನ್ ಕೇಳ್ತಾವ?” ಹೇಳುತ್ತ ಹೇಳುತ್ತ ಅವರ ದನಿಯೇ ಮೆತ್ತಗಾಯಿತು.

ಸಾಹೇಬರು ಎದ್ದರು. “ಚಹಾ ಕುಡುದ್ರ ಅರ್ಧ ಮಂದಿ ಬೀಡಿ ಸೇದಾಕ ಹೋಗ್ತಾರ, ಅರ್ಧ ಮಂದಿ ನಿದ್ದಿ ಹೊಡಿತಾರ. ಮಾತಾಡಾಕ ಬಂದಾಂವ ಗ್ವಾಡಿಗೆ ಹೇಳ್ಬೇಕೇನು? ಅರೆ, ಇದೂ ಖರೇನ ಅದ ಅಲ್ರಿ!”

ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಈಗ ಚಹಾ ಮೊದಲು ಎಂದು ಮಾಸ್ತರರೇ ಪಟ್ಟು ಹಿಡಿದರು, ಆಮೇಲೆ ಎಂದು ಸಾಹೇಬರು! ಸಭೆ ಬಿದ್ದು ಬಿದ್ದು ನಕ್ಕಿತು. ಮೊದಲು ನಕ್ಕವರು ಅವರಿಬ್ಬರೇ. ಮಾಸ್ತರರು ತಮ್ಮ ಕುರ್ಚಿಯನ್ನು ಸಾಹೇಬರ ಪಕ್ಕಕ್ಕೆ ಎಳೆದುಕೊಂಡರು. ಬೇರೆ ಕೂಟದ ಮಾತು ಮರೆತ ಸುರಪುರದವರು, ಮುಂದಿನ ತಿಂಗಳು ಯಾರ ಉಪನ್ಯಾಸ ಎಂದು ಕೇಳಿದರು. ನಾನು ಕೋಟೆ ಗೆದ್ದವನ ಹಾಗೆ ಬೆವರು ಒರೆಸಿಕೊಂಡೆ.

ಕೆಟ್ಟದ್ದು ಒಂದೇ. ಅಷ್ಟರಲ್ಲಿ ಕೆಟಲಿನ ಚಹಾ ತಣ್ಣಗಾಗಿತ್ತು. ಒಂದು ಗುಟುಕು ಕುಡಿದ ಇಬ್ಬರೂ ಮುಖ ಸಿಂಡರಿಸಿ, ಬಹಳ ದಿನಗಳ ಮೇಲೆ ಒಂದೇ ದನಿಯಲ್ಲಿ ನನ್ನ ಕಡೆ ಬೆರಳು ಮಾಡಿದರು: “ಇವಂದ ತಪ್ಪು. ಭಾಳ ಹೊತ್ತು ಮಾತಾಡಿದ.”