ಉದ್ಯಾನದ ಗೋಡೆಯ ನಾಲ್ಕು ಕಲ್ಲು

ರಾಣೆಬೆನ್ನೂರಿನ ನಮ್ಮ ಬಡಾವಣೆಯ ಉದ್ಯಾನವನ್ನು ಉಳಿಸಿದವರು ನಾವು ಹನ್ನೊಂದು ಜನ, ಬೆಳಗಿನ ವಾಯುವಿಹಾರಿಗಳು. ಎಲ್ಲರೂ ನಿವೃತ್ತರು, ಎಲ್ಲರಿಗೂ ಸಕ್ಕರೆ ಕಾಯಿಲೆ. ಉದ್ಯಾನವನ್ನು ಅಗೆದು ತಗ್ಗು ಮಾಡಿ ಹೊಸದಾಗಿ ಕಟ್ಟುತ್ತೇವೆ, ಮಳೆನೀರು ಹಿಂದಿನ ಓಣಿಗೆ ನುಗ್ಗುವ ಬದಲು ಇಲ್ಲೇ ನಿಲ್ಲುತ್ತದೆ ಎಂದರು ನಗರಸಭೆಯವರು. ಹಾಗಾದರೆ ನಾವು ನಡೆಯುವುದೆಲ್ಲಿ? ಕೋರ್ಟಿಗೆ ಹೋದೆವು.

ಮೊದಲ ಅರ್ಜಿದಾರ ನಾನು, ಅಕ್ಷರ ದುಂಡಗಿವೆ ಎಂಬ ಒಂದೇ ಕಾರಣಕ್ಕೆ. 'ಈ ಉದ್ಯಾನದಲ್ಲಿ ಇಂದಿನವರೆಗೆ ಹನಿ ನೀರೂ ನಿಂತಿಲ್ಲ' ಎಂದು ಪ್ರಮಾಣ ಮಾಡಿ ಸಹಿ ಹಾಕಿದೆ. ಶುದ್ಧ ಸುಳ್ಳು. ಜೋರು ಮಳೆ ಬಂದಾಗಲೆಲ್ಲ ಓಣಿಯವರು ಗೋಡೆಯ ಬುಡದ ನಾಲ್ಕು ಕಲ್ಲು ಸರಿಸಿ ನೀರನ್ನು ಉದ್ಯಾನದೊಳಗೆ ತಿರುಗಿಸುತ್ತಿದ್ದರು. ಮಳೆ ನಿಂತ ಮೇಲೆ ಕಲ್ಲುಗಳನ್ನು ಮೊದಲಿನಂತೆ ಇಡುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಮೊದಲು ಕೈಹಾಕುವವಳು ನನ್ನ ಅಕ್ಕ.

ಅಕ್ಕ ಬ್ಯಾಡಗಿಯ ವ್ಯಾಪಾರಿಯೊಬ್ಬರಿಂದ ಮೆಣಸಿನಕಾಯಿ ಚೀಲ ತರಿಸಿಕೊಂಡು ಮನೆಯಲ್ಲೇ ತೊಟ್ಟು ಬಿಡಿಸುತ್ತಾಳೆ. ನೆನೆದರೆ ಕಾಯಿಯ ಬಣ್ಣ ಕೆಟ್ಟಿತು, ಆಮೇಲೆ ಅವಳಿಗೆ ಯಾರೂ ಕೆಲಸ ಕೊಡುವುದಿಲ್ಲ. ಕೇಸಿನ ಸುದ್ದಿ ಅವಳಿಗೆ ನಾನು ಹೇಳಿರಲಿಲ್ಲ.

ತೀರ್ಪಾಗುವವರೆಗೆ ಉದ್ಯಾನದ ಒಂದು ಕಲ್ಲನ್ನೂ ಯಾರೂ ಕದಲಿಸಬಾರದು ಎಂದು ಆಜ್ಞೆಯಾಯಿತು. ನಾವು ಪೇಢೆ ಹಂಚಿದೆವು.

ಹದಿನೈದು ದಿನ ಕಳೆದಿರಲಿಲ್ಲ, ಸಂಜೆ ಮಳೆ ಹೊಡೆಯಿತು. ಹಿಂದಿನ ಓಣಿಗೆ ಓಡಿದೆ. ಅಕ್ಕ ಆಗಲೇ ಗೋಡೆಯ ಬುಡದಲ್ಲಿ ಕೂತಿದ್ದಳು.

"ಅಕ್ಕಾ, ಕಲ್ಲು ಮುಟ್ಟಬ್ಯಾಡ. ಕೋರ್ಟಿನ ಆರ್ಡರ್ ಐತಿ."

"ಮನ್ಯಾಗ ಆರು ಚೀಲ ಅದಾವು. ಲಗೂ ಬಾ, ಒಂದು ಕಡೆ ಹಿಡಿ."

"ಅರ್ಜಿ ಹಾಕಿದಾಂವ ನಾನಽ, ಅಕ್ಕಾ."

ತಿರುಗಿ ನನ್ನ ಮುಖ ನೋಡಿದಳು. ಮತ್ತೆ ಕಲ್ಲಿಗೆ ಕೈಹಾಕಿದಳು. ನಾಲ್ಕು ಚೀಲ ಉಳಿದವು, ಎರಡು ನೆನೆದವು.

ಮರುದಿನ ನಮ್ಮ ಹನ್ನೊಂದು ಜೋಡಿ ಬೂಟಿಗೂ ಕೆಸರು ಹತ್ತಿತು. ನ್ಯಾಯಾಂಗ ನಿಂದನೆ ಎಂದು ಎಲ್ಲರೂ ಕುಣಿದಾಡಿ ನನ್ನನ್ನು ವಕೀಲರ ಬಳಿ ಕಳಿಸಿದರು. ವಕೀಲರು ಕಾಗದ ಮುಂದಿಟ್ಟರು.

"ಆರ್ಡರ್ ಮುರದವ್ರ ಹೆಸರು ಬರೀರಿ ಸರ್, ಕೆಳಗ ಸಹಿ ಮಾಡ್ರಿ."

ದುಂಡಗೆ ನನ್ನ ಹೆಸರನ್ನೇ ಬರೆದೆ.

"ನಿಮ್ಮ ಮ್ಯಾಲ ನೀವಽ ಕೇಸ್ ಹಾಕ್ತೀರೇನ್ರಿ? ಖರೇನ ನೀವಽ ಕಲ್ಲು ತಗದೀರೇನು?"

ಹೌದೆಂದೆ. ಅದು ನನ್ನ ಎರಡನೆಯ ಸುಳ್ಳು. ಅಕ್ಕ ಒಬ್ಬಳೇ ನಾಲ್ಕೂ ಕಲ್ಲು ಎತ್ತುವಾಗ ನಾನು ಛತ್ರಿ ಹಿಡಿದು ನಿಂತಿದ್ದೆ, ನನ್ನ ತಲೆಯ ಮೇಲೆ.